ಚೆಕ್-ಇನ್ ಲಗೇಜಿನಲ್ಲಿ ಬೇಟೆಯ ರೈಫಲ್: ಪಿಟ್ಸ್‌ಬರ್ಗ್‌ನಿಂದ ಡೆನ್ವರ್‌ಗೆ ಹೊರಟವರಿಗೆ ಉತ್ತರ

ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆಂದು ಪಿಟ್ಸ್‌ಬರ್ಗ್‌ನಿಂದ ನ್ಯೂವಾರ್ಕ್ ಮಾರ್ಗವಾಗಿ ಡೆನ್ವರ್‌ಗೆ ಹೊರಟಿರುವ ನೀವು ಮೂರು ವಿಷಯ ಕೇಳಿದ್ದೀರಿ: .30-06 ಅಳತೆಯ ತೋಟಾ ಬಳಸುವ ರೈಫಲನ್ನು ಈಗಿರುವ ದಪ್ಪ ಬಟ್ಟೆಯ ಚೀಲದಲ್ಲೇ ಒಯ್ಯಬಹುದೇ, ತೋಟಾಗಳನ್ನು ಅದರೊಳಗೇ ಇಡಬಹುದೇ, ಬೀಗ ಯಾವುದಿರಬೇಕು. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನಿಮ್ಮ ಪ್ರಶ್ನೆಯ ಕೊನೆಗೆ, ಮಾತಿಗೆ ಮಾತು ಬಂದಂತೆ, ನ್ಯೂವಾರ್ಕ್‌ನಲ್ಲಿ ಎರಡು ವಿಮಾನಗಳ ನಡುವೆ ಐವತ್ತು ನಿಮಿಷಗಳ ಅಂತರವಿದೆ ಎಂದೂ ನೀವು ಎಚ್-1ಬಿ ವೀಸಾದಲ್ಲಿದ್ದೀರಿ ಎಂದೂ ಬರೆದಿದ್ದೀರಿ. ನಿಜಕ್ಕೂ ಯೋಚಿಸಬೇಕಾದದ್ದು ಆ ಎರಡು ಸಂಗತಿಗಳ ಬಗ್ಗೆ. ಪೆಟ್ಟಿಗೆ, ಬೀಗಗಳ ವಿಷಯ ಒಂದು ಸಂಜೆಯಲ್ಲಿ ಮುಗಿಯುವಂಥದ್ದು.

ಮೊದಲು ವೀಸಾದ ಮಾತು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂತಹ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಸಾಮಾನ್ಯವಾಗಿ ನಿಷಿದ್ಧ. ಇದಕ್ಕೆ ಇರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ದಕ್ಕುವುದು ಒಂದು, ಅದೆಂದರೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಇಲ್ಲಿ ಹಲವರು ಗಮನಿಸದ ಸೂಕ್ಷ್ಮವೊಂದಿದೆ: ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಲೈಸೆನ್ಸ್ ಪ್ರತಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸದೆ ಜುಲೈ ತಿಂಗಳಲ್ಲಿ ರೈಫಲ್ ಮನೆಯ ಕಪಾಟಿನಲ್ಲಿದ್ದರೂ ವಿನಾಯಿತಿಯ ಆಧಾರವೇ ಇಲ್ಲವಾಗುತ್ತದೆ, ಪ್ರಯಾಣದ ಮಾತಂತೂ ದೂರವೇ ಉಳಿಯಿತು. ಆದ್ದರಿಂದ ಹೊರಡುವ ದಿನದಿಂದ ಮರಳುವ ದಿನದವರೆಗೂ ಚಾಲ್ತಿಯಲ್ಲಿರುವ ಲೈಸೆನ್ಸಿನ ಮುದ್ರಿತ ಪ್ರತಿಯನ್ನು ಪಾಸ್‌ಪೋರ್ಟ್ ಜೊತೆಗೆ ಕೈಚೀಲದಲ್ಲಿಡಿ. ಫೋನಿನಲ್ಲಿ ಇದೆ ಎಂಬ ಧೈರ್ಯ ಸಾಲದು, ಬ್ಯಾಟರಿ ಮುಗಿಯುವುದು ಯಾವಾಗಲೂ ಅದು ಬೇಕಾದ ಹೊತ್ತಿನಲ್ಲೇ.

ಇನ್ನು ನ್ಯೂಜೆರ್ಸಿ ರಾಜ್ಯದಲ್ಲಿರುವ ನ್ಯೂವಾರ್ಕ್. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದೂಕು ಒಯ್ಯುವವರಿಗೆ 1986ರ ಫೆಡರಲ್ ಕಾನೂನು ರಕ್ಷಣೆ ಕೊಡುತ್ತದೆ: ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಅದನ್ನು ಹೊಂದುವುದು ಸಕ್ರಮವಾಗಿದ್ದು, ಬಂದೂಕಿನಲ್ಲಿ ಗುಂಡಿಲ್ಲದೆ, ಅದು ಪ್ರಯಾಣಿಕರ ಕೈಗೆ ಸುಲಭವಾಗಿ ಎಟುಕದಂತಿದ್ದರೆ, ನಡುವಿನ ರಾಜ್ಯದ ಕಾನೂನು ಅಡ್ಡಬರುವಂತಿಲ್ಲ. ಓದುವಾಗ ಇದು ಗಟ್ಟಿಯಾದ ಗೋಡೆಯಂತೆ ಕಾಣುತ್ತದೆ. ಆದರೆ 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಪ್ರಯಾಣಿಕರೊಬ್ಬರು ಇದೇ ನ್ಯೂವಾರ್ಕ್‌ನಲ್ಲಿ ಮುಂದಿನ ಸಂಪರ್ಕ ತಪ್ಪಿಸಿಕೊಂಡರು. ಬೀಗ ಹಾಕಿದ ಪಿಸ್ತೂಲಿದ್ದ ತಮ್ಮ ಬ್ಯಾಗನ್ನು ಪಡೆದುಕೊಂಡು ರಾತ್ರಿ ಹೋಟೆಲಿನಲ್ಲಿ ತಂಗಿದರು. ಮರುದಿನ ಬೆಳಿಗ್ಗೆ ಕೌಂಟರ್‌ಗೆ ಹೋಗಿ ಬ್ಯಾಗಿನಲ್ಲಿ ಪಿಸ್ತೂಲಿದೆ ಎಂದು ನಿಯಮದಂತೆ ತಾವಾಗಿಯೇ ಘೋಷಿಸಿದಾಗ ಪೊಲೀಸರು ಅವರನ್ನು ಬಂಧಿಸಿದರು. ಮೊಕದ್ದಮೆಯನ್ನು ಆಮೇಲೆ ಕೈಬಿಡಲಾಯಿತು. ಅವರು ಪರಿಹಾರ ಕೋರಿ ಹೂಡಿದ ದಾವೆಯಲ್ಲಿ ಮಾತ್ರ, 2010ರಲ್ಲಿ, ನ್ಯೂಜೆರ್ಸಿಯನ್ನು ಒಳಗೊಂಡ ಮೂರನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಹೋಟೆಲಿನಲ್ಲಿ ಬ್ಯಾಗು ಅವರ ಕೈಗೆ ಎಟುಕುವಂತಿದ್ದುದರಿಂದ ಆ ಕಾನೂನಿನ ರಕ್ಷಣೆ ಅವರಿಗೆ ಸಿಗದು ಎಂದು ತೀರ್ಪು ಕೊಟ್ಟಿತು. ಬ್ಯಾಗು ಪಡೆದುಕೊಳ್ಳುವುದನ್ನು ಬಿಟ್ಟರೆ ಅವರು ಬೇರೇನನ್ನೂ ಮಾಡಿರಲಿಲ್ಲ ಎಂಬುದನ್ನು ಗಮನಿಸಿ.

ಅವರದು ಪಿಸ್ತೂಲು, ನಿಮ್ಮದು ರೈಫಲ್. ನ್ಯೂಜೆರ್ಸಿಯ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಾಗೆಂದು ಆ ವ್ಯತ್ಯಾಸವನ್ನು ಬೆಳಗಿನ ಆರು ಗಂಟೆಗೆ ಪೊಲೀಸ್ ಅಧಿಕಾರಿಯೊಬ್ಬರ ಮುಂದೆ ನಿಂತು ವಿವರಿಸುವ ಸ್ಥಿತಿ ಯಾರಿಗೂ ಬೇಡ. ನನ್ನ ಸಲಹೆ ನೇರವಾಗಿದೆ: ಟಿಕೆಟ್ ಬದಲಾಯಿಸಲು ಸಾಧ್ಯವಿದ್ದರೆ ನೇರ ವಿಮಾನ ಹಿಡಿಯಿರಿ. ಅದಿಲ್ಲದಿದ್ದರೆ ನ್ಯೂಜೆರ್ಸಿ, ನ್ಯೂಯಾರ್ಕ್‌ಗಳ ವಿಮಾನ ನಿಲ್ದಾಣಗಳನ್ನು ಬಿಟ್ಟು ಷಿಕಾಗೋ ಮಾರ್ಗವನ್ನೋ ಬೇರೆ ಯಾವುದನ್ನೋ ಆರಿಸಿ, ಎರಡು ಗಂಟೆಗಳ ಅಂತರವಿಟ್ಟುಕೊಳ್ಳಿ. ಎಲ್ಲ ಹಂತಗಳೂ ಒಂದೇ ಟಿಕೆಟ್ಟಿನಲ್ಲಿರಲಿ; ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಡುವೆ ನೀವೇ ಪೆಟ್ಟಿಗೆ ಪಡೆದು ಮತ್ತೆ ಘೋಷಿಸಬೇಕಾಗುತ್ತದೆ, ನಾವು ತಪ್ಪಿಸಬೇಕೆಂದಿರುವುದೇ ಅದನ್ನು. ಈಗಿನ ಟಿಕೆಟ್ಟಿನಲ್ಲೇ ಹೋಗುವುದು ಅನಿವಾರ್ಯವಾಗಿ, ಅಲ್ಲಿ ರಾತ್ರಿ ಕಳೆಯುವ ಪ್ರಸಂಗ ಬಂದರೆ, ಪೆಟ್ಟಿಗೆಯನ್ನು ಮಾತ್ರ ಕೇಳಬೇಡಿ. ಸಿಬ್ಬಂದಿ ತಾವಾಗಿ ತಂದುಕೊಟ್ಟರೂ ತೆಗೆದುಕೊಳ್ಳದೆ, "ಅದರಲ್ಲಿ ಘೋಷಿತ ಬಂದೂಕಿದೆ, ಮುಂದಿನ ವಿಮಾನದವರೆಗೆ ನಿಮ್ಮ ವಶದಲ್ಲೇ ಇರಲಿ" ಎಂದು ವಿಮಾನ ಸಂಸ್ಥೆಯ ಬ್ಯಾಗೇಜ್ ಕಚೇರಿಗೆ ಹೇಳಿ, ಅಲ್ಲಿ ನಿಮ್ಮೊಡನೆ ಮಾತಾಡಿದವರ ಹೆಸರನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಿ. ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ, ಔಷಧಿ ಕೈಚೀಲದಲ್ಲಿದ್ದರೆ ಪೆಟ್ಟಿಗೆಯ ಆಸೆಯೇ ಹುಟ್ಟುವುದಿಲ್ಲ.

ಈಗ ನೀವು ಕೇಳಿದ ಪ್ರಶ್ನೆಗಳು. ಬಟ್ಟೆಯ ಚೀಲ ಆಗದು. ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ, ಅಂದರೆ ಟಿಎಸ್ಎ, ಕೇಳುವುದು ಗಟ್ಟಿ ಹೊರಮೈಯ, ಬೀಗ ಹಾಕಿದ, ಒಳಗಿನ ಬಂದೂಕಿಗೆ ಯಾವ ಕಡೆಯಿಂದಲೂ ಕೈ ಹೋಗದ ಪೆಟ್ಟಿಗೆಯನ್ನು. ಬಂದೂಕು ಕೊಂಡಾಗ ಬರುವ ತೆಳು ಪ್ಲಾಸ್ಟಿಕ್ ಡಬ್ಬಿ ಇದಕ್ಕೆ ಸಾಲದೆ ಹೋಗಬಹುದು. ಮನೆಯಲ್ಲೇ ಪರೀಕ್ಷಿಸುವುದು ಹೀಗೆ: ಎಲ್ಲ ಬೀಗಗಳನ್ನೂ ಹಾಕಿ, ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಮುಚ್ಚಳದ ಎರಡೂ ಮೂಲೆಗಳನ್ನು ಬೆರಳ ತುದಿಯಿಂದ ಬಲವಾಗಿ ಮೇಲಕ್ಕೆ ಎಳೆಯಿರಿ. ಉದ್ದದ ಅಗ್ಗದ ಪೆಟ್ಟಿಗೆಗಳಲ್ಲಿ ನಡುವೆ ಎರಡು ಬೀಗ ಭದ್ರವಾಗಿದ್ದರೂ ನಳಿಗೆಯ ತುದಿ ಇರುವ ಮೂಲೆ ಬಾಯಿ ತೆರೆಯುತ್ತದೆ; ಆ ಸಂದಿಯಲ್ಲಿ ಎರಡು ಬೆರಳು ತೂರಿದರೆ ಕೌಂಟರಿನಲ್ಲೂ ಅದು ತೂರುತ್ತದೆ, ಅಲ್ಲಿಂದ ನೀವು ಮನೆಗೆ ಮರಳಬೇಕಾಗುತ್ತದೆ. ಬೀಗಕ್ಕೆಂದು ಎಷ್ಟು ರಂಧ್ರಗಳಿವೆಯೋ ಅಷ್ಟಕ್ಕೂ ಬೀಗ ಹಾಕಿ. ಗಾಳಿಯಾಡದಂತೆ ಮುಚ್ಚುವ ಪೆಟ್ಟಿಗೆಯಾದರೆ ಒತ್ತಡ ಸರಿದೂಗಿಸುವ ಪುಟ್ಟ ಕವಾಟ ಇರುವುದನ್ನೇ ಆರಿಸಿ, ಇಲ್ಲವಾದರೆ ಇಳಿದ ಮೇಲೆ ಮುಚ್ಚಳ ಹಿಡಿದುಕೊಂಡು ತೆರೆಯಲು ಹೆಣಗಬೇಕಾಗುತ್ತದೆ.

ಬೀಗದ ಬಗ್ಗೆ ಬೇಟೆಗಾರರ ಗುಂಪುಗಳಲ್ಲಿ ಜಗಳವೇ ನಡೆಯುತ್ತದೆ. ಟಿಎಸ್ಎ ತಾನೇ ಹೇಳಿರುವಂತೆ ಯಾವ ಬ್ರಾಂಡಿನ ಬೀಗವನ್ನಾದರೂ ಬಳಸಬಹುದು, ಅವರ ಮಾಸ್ಟರ್ ಕೀಲಿಗೆ ತೆರೆಯುವ ಬೀಗಕ್ಕೂ ಅಡ್ಡಿಯಿಲ್ಲ. ಆದರೆ ಕೀಲಿಯೋ ಸಂಖ್ಯೆಯೋ ಪ್ರಯಾಣಿಕರ ಬಳಿ ಮಾತ್ರ ಇರಬೇಕು ಎಂಬುದು ನಿಯಮ. ಆ ಮಾಸ್ಟರ್ ಕೀಲಿಗಳ ನಮೂನೆಗಳು 2015ರಲ್ಲೇ ಅಂತರ್ಜಾಲಕ್ಕೆ ಬಿದ್ದು, ಮೂರು ಆಯಾಮದ ಮುದ್ರಣ ಯಂತ್ರವಿರುವ ಯಾರೂ ಮಾಡಿಕೊಳ್ಳಬಹುದಾದ ವಸ್ತುವಾಗಿವೆ. ಬಟ್ಟೆಬರೆಯ ಸೂಟ್‌ಕೇಸಿಗೆ ಅಂಥ ಬೀಗ ಇರಲಿ, ರೈಫಲಿಗೆ ಸಾಧಾರಣ ಗಟ್ಟಿ ಬೀಗವನ್ನೇ ಹಾಕಿ. ಎಲ್ಲವೂ ಒಂದೇ ಕೀಲಿಗೆ ತೆರೆಯುವ ಬೀಗಗಳ ಜೋಡಣೆ ಸಿಗುತ್ತದೆ, ಅದಾದರೆ ಕೌಂಟರಿನಲ್ಲಿ ತಡಕಾಡುವುದು ತಪ್ಪುತ್ತದೆ. ಕೀಲಿ ನಿಮ್ಮ ಜೇಬಿನಲ್ಲಿರಬೇಕು, ಇನ್ನೊಂದು ಚೆಕ್-ಇನ್ ಬ್ಯಾಗಿನೊಳಗೆ ಹೋಗಿಬಿಡಬಾರದು.

ತೋಟಾಗಳನ್ನು ರೈಫಲ್ ಇರುವ ಪೆಟ್ಟಿಗೆಯಲ್ಲೇ ಇಡಲು ಟಿಎಸ್ಎ ಒಪ್ಪುತ್ತದೆ; ಅವು ಕಾರ್ಖಾನೆಯ ಮೂಲ ಡಬ್ಬಿಯಲ್ಲೋ, ತೋಟಾಗಳಿಗೆಂದೇ ಮಾಡಿದ ರಟ್ಟಿನ, ಮರದ, ಪ್ಲಾಸ್ಟಿಕ್ಕಿನ ಇಲ್ಲವೇ ಲೋಹದ ಡಬ್ಬಿಯಲ್ಲೋ ಇರಬೇಕು. ಬಿಡಿಯಾಗಿ ಚೀಲದಲ್ಲಿ ಸುರಿದುಕೊಳ್ಳುವಂತಿಲ್ಲ. ಕೆಲವು ವಿಮಾನ ಸಂಸ್ಥೆಗಳು ಇನ್ನೂ ಬಿಗಿಯಾಗಿ ನಡೆದುಕೊಳ್ಳುತ್ತವೆ, ಆದ್ದರಿಂದ ಟಿಕೆಟ್ ಮಾಡಿಸಿದ ಸಂಸ್ಥೆಯ ಪುಟವನ್ನು ಓದಿ, ಮುದ್ರಿಸಿ, ಪೆಟ್ಟಿಗೆಯ ಜೊತೆಗೆ ಒಯ್ಯಿರಿ. ಕೌಂಟರಿನಲ್ಲಿ ಹೊಸಬರಿದ್ದರೆ ಆ ಹಾಳೆ ನಿಮ್ಮ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ತೂಕಕ್ಕೆ ದೊಡ್ಡ ಸಂಸ್ಥೆಗಳಲ್ಲಿ ಒಬ್ಬರಿಗೆ 11 ಪೌಂಡ್, ಅಂದರೆ 5 ಕಿಲೋ, ಮಿತಿ. .30-06ರ ಇಪ್ಪತ್ತರ ಡಬ್ಬಿ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವುದರಿಂದ ಎಲ್ಕ್ ಬೇಟೆಗೆ ಇದು ಧಾರಾಳ. ಬಾತುಕೋಳಿಗೆಂದು ಹನ್ನೆರಡು ಗೇಜ್ ಅಳತೆಯ ಶಾಟ್‌ಗನ್ ಒಯ್ಯುವವರು ಮಾತ್ರ ಲೆಕ್ಕ ಹಾಕಬೇಕು, ಇಪ್ಪತ್ತೈದು ತೋಟಾಗಳ ನಾಲ್ಕು ಡಬ್ಬಿಗೇ ಮಿತಿ ಹತ್ತಿರವಾಗುತ್ತದೆ. ಮನೆಯಲ್ಲಿ ತೋಟಾ ತುಂಬಿಸುವ ಅಭ್ಯಾಸವಿರುವವರು ಬಿಡಿ ಸಿಡಿಮದ್ದನ್ನೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್‌ಗಳನ್ನೂ ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ.

ರೈಫಲನ್ನು ಪೆಟ್ಟಿಗೆಯಲ್ಲಿಡುವಾಗ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಲೋಹದ ಭಾಗವನ್ನು, ಕಳಚಿ ಪಕ್ಕದಲ್ಲಿಡಿ. ಹಾಗೆ ಮಾಡಬೇಕೆಂಬ ನಿಯಮವಿಲ್ಲ, ಆದರೆ ಬೋಲ್ಟ್ ಇಲ್ಲದ ರೈಫಲನ್ನು ನೋಡಿದ ಯಾರಿಗೂ ಗುಂಡಿದೆಯೇ ಎಂಬ ಅನುಮಾನ ಬರುವುದಿಲ್ಲ, ಕೈಯಿಟ್ಟು ತೋರಿಸುವ ಸಂದರ್ಭವೂ ಒದಗುವುದಿಲ್ಲ. ಕಳಚಿದ ಬೋಲ್ಟ್ ಅದೇ ಪೆಟ್ಟಿಗೆಯಲ್ಲಿರಲಿ; ಬೋಲ್ಟ್, ತೋಟಾ ತುಂಬಿಡುವ ಮ್ಯಾಗಝಿನ್, ತೋಟಾವನ್ನು ಬಡಿದು ಸಿಡಿಸುವ ಫೈರಿಂಗ್ ಪಿನ್ ಇವು ಕೈಚೀಲದಲ್ಲಿ ನಿಷಿದ್ಧ. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಮಾತ್ರ ಕೈಚೀಲದಲ್ಲಿ ಬರಬಹುದು, ಆದರೂ ಅದನ್ನು ಕಳಚಿ ಮತ್ತೆ ಕೂರಿಸುವುದಕ್ಕಿಂತ ರೈಫಲಿನ ಮೇಲೇ ಬಿಟ್ಟು ಅದರ ಸುತ್ತ ಫೋಮ್ ದಪ್ಪ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರಡರಲ್ಲಿ ಯಾವುದನ್ನು ಮಾಡಿದರೂ ಕೊಲೊರಾಡೋ ತಲುಪಿದ ಮೇಲೆ ಗುರಿ ಸರಿಯಿದೆಯೇ ಎಂದು ಹಲಗೆಗೆ ಹೊಡೆದು ನೋಡಲೇಬೇಕು, ಅದಕ್ಕೆಂದು ಒಂದು ಡಬ್ಬಿ ಹೆಚ್ಚುವರಿ ಇರಲಿ. ಸೀರಿಯಲ್ ಸಂಖ್ಯೆಯ ಮತ್ತು ತೆರೆದ ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಕೌಂಟರಿನಲ್ಲಿ ಆಗುವುದಿಷ್ಟು. ಯಂತ್ರದಲ್ಲಿ ಚೆಕ್-ಇನ್ ಮಾಡದೆ, ರಸ್ತೆ ಬದಿಯ ಸಿಬ್ಬಂದಿಗೆ ಪೆಟ್ಟಿಗೆ ಕೊಡದೆ, ವಿಮಾನ ಸಂಸ್ಥೆಯ ಕೌಂಟರಿಗೆ ನೇರವಾಗಿ ಹೋಗಿ, "ಚೆಕ್-ಇನ್ ಬ್ಯಾಗೇಜಿನಲ್ಲಿ ಗುಂಡಿಲ್ಲದ ರೈಫಲ್ ಒಂದನ್ನು ಘೋಷಿಸಬೇಕಿದೆ" ಎಂದು ತಗ್ಗಿದ ದನಿಯಲ್ಲಿ ಹೇಳಿ. ಸರತಿಯಲ್ಲಿ ನಿಂತು "ನನ್ನ ಹತ್ತಿರ ಗನ್ ಇದೆ" ಎಂದು ಜೋರಾಗಿ ಹೇಳುವವರನ್ನು ನೋಡಿದ್ದೇನೆ. ಸುತ್ತಲಿನವರ ಮುಖ ನೋಡುವಂತಿರುತ್ತದೆ. ಕೌಂಟರಿನವರು ಒಂದು ಘೋಷಣೆಯ ಚೀಟಿ ಕೊಡುತ್ತಾರೆ, ಸಹಿ ಹಾಕಿದ ಮೇಲೆ ಅದು ಪೆಟ್ಟಿಗೆಯೊಳಗೆ ಹೋಗುತ್ತದೆ. ಹೊರಗಡೆ ಬಂದೂಕಿದೆ ಎಂದು ಗುರುತು ಅಂಟಿಸಲೇಬೇಕೆಂದು ವಿಮಾನ ಸಂಸ್ಥೆ ಒತ್ತಾಯಿಸುವುದನ್ನು ಫೆಡರಲ್ ಕಾನೂನೇ ತಡೆದಿದೆ, ಕಳ್ಳರಿಗೆ ದಾರಿ ತೋರಿಸಿದಂತಾಗಬಾರದಲ್ಲ. ತೆರೆಯಲು ಹೇಳುವವರೆಗೆ ತೆರೆಯಬೇಡಿ, ತೆರೆದ ಮೇಲೂ ಅವರು ಕೇಳದೆ ರೈಫಲನ್ನು ಮುಟ್ಟಬೇಡಿ. ಆಮೇಲೆ ಪೆಟ್ಟಿಗೆ ತಪಾಸಣೆಗೆ ಹೋಗುತ್ತದೆ. ಅದು ಪಾಸಾಯಿತೆಂದು ತಿಳಿಯುವವರೆಗೆ, ಇಲ್ಲವೇ ಅವರು ಹೇಳಿದಷ್ಟು ಹೊತ್ತು, ಕೀಲಿ ಸಮೇತ ಅಲ್ಲೇ ಕಾಯಿರಿ. ಭದ್ರತಾ ದ್ವಾರ ದಾಟಿ ಕಾಫಿಗೆ ಕುಳಿತವರನ್ನು ಧ್ವನಿವರ್ಧಕದಲ್ಲಿ ಕರೆದು, ಅವರು ಬರುವುದರೊಳಗೆ ವಿಮಾನ ಹೊರಟುಹೋದದ್ದುಂಟು. ಈ ಕಾರಣಕ್ಕೆ ಮನೆಯಿಂದ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ.

ಪೆಟ್ಟಿಗೆಗಿಂತ ಹೆಚ್ಚು ಜನರನ್ನು ಸಿಕ್ಕಿಸುವುದು ಕೈಚೀಲ. 2023ರಲ್ಲಿ ಟಿಎಸ್ಎ ತಪಾಸಣೆಯಲ್ಲಿ ಕೈಚೀಲಗಳಿಂದ 6,737 ಬಂದೂಕುಗಳು ಸಿಕ್ಕವು, ಅವುಗಳಲ್ಲಿ ಸುಮಾರು ಶೇ 93ರಲ್ಲಿ ಗುಂಡು ತುಂಬಿತ್ತು; ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ಬ್ಯಾಗಿನಲ್ಲಿತ್ತೆಂಬುದೇ ಮರೆತುಹೋಗಿತ್ತು ಎಂದು. ನಿಮಗೆ ಬಂದೂಕು ಮರೆಯಲಾರದು, ಒಂಟಿ ತೋಟಾ ಮರೆಯಬಹುದು. ಅಭ್ಯಾಸಕ್ಕೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜಾಕೆಟ್ಟಿನ ಒಳಜೇಬನ್ನೂ ಅಸ್ತರಿನ ಹೊಲಿಗೆ ಬಿಚ್ಚಿದ ಜಾಗವನ್ನೂ ತಡವಿ ನೋಡಿ. ಅದೇ ಚೀಲ ಮುಂದೊಮ್ಮೆ ಭಾರತಕ್ಕೆ ಹೋದರಂತೂ ಒಂದೇ ಒಂದು ಜೀವಂತ ಗುಂಡಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ, ಅರಿವಿಲ್ಲದೆ ಉಳಿದದ್ದು ಎಂಬ ವಾದವನ್ನು ನ್ಯಾಯಾಲಯ ಒಪ್ಪುವ ಹೊತ್ತಿಗೆ ರಜೆಯೆಲ್ಲ ಕರಗಿರುತ್ತದೆ.

ಬೇಟೆಯ ಉಳಿದ ಸಾಮಾನಿನಲ್ಲಿ ಕರಡಿಗೆಂದು ಕೊಳ್ಳುವ ಸ್ಪ್ರೇ ಯಾವ ಬ್ಯಾಗಿನಲ್ಲೂ ಬರುವುದಿಲ್ಲ, ಅಲ್ಲೇ ಕೊಂಡು ಅಲ್ಲೇ ಬಿಟ್ಟು ಬನ್ನಿ. ಚಾಕುಗಳು ಒರೆಯಲ್ಲಿ ಭದ್ರವಾಗಿ ಚೆಕ್-ಇನ್‌ನಲ್ಲಿ, ದೂರಮಾಪಕದ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿ. ನಳಿಗೆ ತೊಳೆಯುವ ದ್ರಾವಣ ಬೆಂಕಿ ಹತ್ತುವಂಥದಾದರೆ ಮನೆಯಲ್ಲೇ ಇರಲಿ.

ಡೆನ್ವರ್‌ನಲ್ಲಿ ಇಳಿದ ಮೇಲೆ ಪೆಟ್ಟಿಗೆ ತಿರುಗುವ ಪಟ್ಟಿಯ ಮೇಲೆ ಬಾರದಿದ್ದರೆ ಗಾಬರಿಯಾಗಬೇಡಿ. ಕೆಲವು ಸಂಸ್ಥೆಗಳು ಬ್ಯಾಗೇಜ್ ಕಚೇರಿಯಲ್ಲಿ ಗುರುತಿನ ಚೀಟಿ ನೋಡಿ ಕೈಗೆ ಕೊಡುತ್ತವೆ, ಇನ್ನು ಕೆಲವು ಅಳತೆ ಮೀರಿದ ಸಾಮಾನಿನ ಬಾಗಿಲಲ್ಲಿ ತಂದಿಡುತ್ತವೆ. ಎಲ್ಲಿ ಸಿಗುತ್ತದೆಂದು ಪಿಟ್ಸ್‌ಬರ್ಗ್ ಕೌಂಟರಿನಲ್ಲೇ ಕೇಳಿಕೊಳ್ಳಿ. ಒಳಗೊಂದು ಟ್ರ್ಯಾಕರ್ ಇಟ್ಟಿದ್ದರೆ ಕಾಯುವ ಹೊತ್ತಿನ ತಳಮಳ ಕಡಿಮೆಯಾಗುತ್ತದೆ. ಮರಳುವಾಗ ಇದೇ ಕ್ರಮವನ್ನು ಮೊದಲಿನಿಂದ ಪಾಲಿಸಬೇಕು: ದಣಿದ ಕೈಗಳು ಶಿಬಿರದಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಬಿಚ್ಚಿ, ಗುಂಡು ಉಳಿದಿದೆಯೇ ಎಂದು ಚೇಂಬರನ್ನೂ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಮ್ಯಾಗಝಿನ್ನನ್ನೂ ನೋಡಿ. ಮಾಂಸವನ್ನು ಡ್ರೈ ಐಸ್‌ನಲ್ಲಿ ತರುವುದಾದರೆ ಒಬ್ಬರಿಗೆ 2.5 ಕಿಲೋ ಮಿತಿಯಿದೆ, ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಡಬ್ಬಿಯಿಂದ ಅನಿಲ ಹೊರಹೋಗಲು ದಾರಿಯಿರಬೇಕು. ಅದನ್ನು ರೈಫಲಿನ ಪೆಟ್ಟಿಗೆಯೊಳಗೆ ಸೇರಿಸದೆ ಬೇರೆಯಾಗಿಯೇ ಕೊಡಿ.