ಕುಗ್ಗುವಿಕೆಯನ್ನು ಬಲವೆಂದು ಬರೆಯಬೇಡಿ

ಮಾನ್ಯರೇ,

ಹೃದಯದ ಸ್ನಾಯುಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಅವುಗಳ ಸಂಕೋಚನವನ್ನು ಸೂಕ್ಷ್ಮದರ್ಶಕದಡಿ ಬೆಳಕಿನ ನೆರವಿನಿಂದ ಅಳೆಯುವ ವಿಧಾನವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಸ್ವತಃ ಪ್ರಯೋಗ ಮಾಡಿದವರಿಗಷ್ಟೇ ತಿಳಿಯುವ ವಿವರಗಳು ಅಲ್ಲಲ್ಲಿ ಇರುವುದರಿಂದ, ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ದೊಡ್ಡ ತೊಡಕು ಒಂದು ಪದದಲ್ಲಿದೆ. ಲೇಖನದುದ್ದಕ್ಕೂ ನೀವು ‘ಕೋಶದ ಬಲವನ್ನು ಅಳೆದೆವು’ ಎಂದಿದ್ದೀರಿ. ಕ್ಯಾಮೆರಾ ದಾಖಲಿಸಿದ್ದು ಬಲವನ್ನಲ್ಲ, ಉದ್ದದಲ್ಲಾದ ಬದಲಾವಣೆಯನ್ನು. ದ್ರಾವಣದಲ್ಲಿ ಯಾವ ಹೊರೆಯೂ ಇಲ್ಲದೆ ಬಿದ್ದಿರುವ ಕೋಶ ಎಷ್ಟು ಕುಗ್ಗಿತು, ಎಷ್ಟು ಬೇಗ ಕುಗ್ಗಿತು, ಎಷ್ಟು ಬೇಗ ಸಡಿಲಗೊಂಡಿತು ಎಂಬಿಷ್ಟನ್ನೇ ಆ ದಾಖಲೆ ಹೇಳಬಲ್ಲದು. ಬಲ ತಿಳಿಯಬೇಕಾದರೆ ಕೋಶದ ಎರಡು ತುದಿಗಳನ್ನೂ ಹಿಡಿದು ಬಲಮಾಪಕಕ್ಕೆ ಜೋಡಿಸಬೇಕು, ಅದು ಬೇರೆಯೇ ಪ್ರಯೋಗ.

ಅಳತೆ ನಡೆಯುವ ಬಗೆಯನ್ನು ‘ಉಳಿದದ್ದನ್ನು ಕಂಪ್ಯೂಟರ್ ಮಾಡುತ್ತದೆ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿರುವುದು ನನಗೆ ಬೇಸರ ತಂದಿತು, ಏಕೆಂದರೆ ಲೇಖನದ ಜೀವ ಇರುವುದೇ ಅಲ್ಲಿ. ಸುಮಾರು 100ರಿಂದ 150 ಮೈಕ್ರೊಮೀಟರ್ ಉದ್ದದ ಕೋಶದ ಎರಡು ಅಂಚುಗಳನ್ನು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸುವುದು ಒಂದು ದಾರಿ. ಕೋಶದ ಅಡ್ಡಪಟ್ಟೆಗಳ ನಡುವಣ ಅಂತರವನ್ನು, ಅಂದರೆ ಸಂಕೋಚನದ ಮೂಲ ಘಟಕವಾದ ಸಾರ್ಕೊಮಿಯರ್‌ನ ಉದ್ದವನ್ನು, ಅಳೆಯುವುದು ಇನ್ನೊಂದು. ವಿಶ್ರಾಂತಿಯಲ್ಲಿ ಸುಮಾರು 1.8 ಮೈಕ್ರೊಮೀಟರ್ ಇರುವ ಆ ಅಂತರ 1.6ಕ್ಕೆ ಇಳಿದರೂ ವ್ಯತ್ಯಾಸ 0.2 ಮಾತ್ರ. ಒಂದೇ ಪಟ್ಟೆಯನ್ನು ನೋಡಿ ಇಷ್ಟು ಸಣ್ಣ ಬದಲಾವಣೆಯನ್ನು ನಂಬುವುದು ಕಷ್ಟ. ಸಾಲಾಗಿ ಮರುಕಳಿಸುವ ಹಲವು ಪಟ್ಟೆಗಳನ್ನು ಒಟ್ಟಿಗೆ ಫೂರಿಯೆ ವಿಶ್ಲೇಷಣೆಗೆ, ಅಂದರೆ ಮರುಕಳಿಸುವ ವಿನ್ಯಾಸದ ಅಂತರವನ್ನು ಕಂಡುಹಿಡಿಯುವ ಗಣಿತ ವಿಧಾನಕ್ಕೆ, ಒಳಪಡಿಸಿ ಸರಾಸರಿ ಅಂತರವನ್ನು ಪಡೆಯುವುದರಿಂದಲೇ ಅದು ಸಾಧ್ಯವಾಗುತ್ತದೆ. ಇದನ್ನು ನಿಧಾನವಾಗಿ, ಒಂದು ಪುಟವೇ ಹಿಡಿದರೂ ಸರಿ, ವಿವರಿಸಿ. ಅದಕ್ಕೆ ಜಾಗ ಬೇಕಾದರೆ ಹೃದಯವನ್ನು ಪ್ರೇಮಕ್ಕೆ ಹೋಲಿಸುವ ಮೊದಲ ಪುಟವನ್ನು ತೆಗೆದುಹಾಕಿ.

ಸೆಕೆಂಡಿಗೆ 30 ಚಿತ್ರಗಳನ್ನು ತೆಗೆದಿರುವುದಾಗಿ ಬರೆದಿದ್ದೀರಿ. ಹಾಗಾದರೆ ಎರಡು ಚಿತ್ರಗಳ ನಡುವೆ ಸುಮಾರು 33 ಮಿಲಿಸೆಕೆಂಡುಗಳ ಅಂತರವಿರುತ್ತದೆ. ಇಲಿಯ ಕೋಶ 100 ಮಿಲಿಸೆಕೆಂಡುಗಳೊಳಗೇ ಸಂಕೋಚನದ ತುದಿಯನ್ನು ಮುಟ್ಟಬಲ್ಲದಾದ್ದರಿಂದ, ಏರುವ ರೇಖೆಯ ಮೇಲೆ ನಿಮಗೆ ದಕ್ಕುವುದು ಎರಡೋ ಮೂರೋ ಬಿಂದುಗಳು. ಅಷ್ಟರಿಂದ ವೇಗವನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಹೇಳಿರುವುದನ್ನು ನಾನು ಒಪ್ಪಲಾರೆ.

‘ಪ್ರತಿ ಕೋಶವೂ ತಾನಾಗಿಯೇ ಮಿಡಿಯುತ್ತದೆ’ ಎಂಬ ಮಾತನ್ನೂ ತಿದ್ದಬೇಕು. ನವಜಾತ ಪ್ರಾಣಿಯ ಕೋಶಗಳ ಮಟ್ಟಿಗೆ ಅದು ಸಲ್ಲಬಹುದು. ಬೆಳೆದ ಪ್ರಾಣಿಯ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಆರೋಗ್ಯಕರ ಕೋಶವಾದರೋ ವಿದ್ಯುತ್ ಪ್ರಚೋದನೆ ಸಿಗುವವರೆಗೆ ಸುಮ್ಮನಿರುತ್ತದೆ. ತಾನಾಗಿ ಮಿಡಿಯತೊಡಗಿದರೆ ಅದರೊಳಗೆ ಕ್ಯಾಲ್ಸಿಯಂ ಮಿತಿಮೀರಿದೆಯೇ ಎಂದು ಅನುಮಾನಿಸಬೇಕು.

ಕೊನೆಯದಾಗಿ, 42 ಕೋಶಗಳ ಫಲಿತಾಂಶವನ್ನು ಕೊಟ್ಟಿದ್ದೀರಿ, ಅವು ಎಷ್ಟು ಹೃದಯಗಳಿಂದ ಬಂದವೆಂದು ಹೇಳಿಲ್ಲ. ಒಂದೇ ಹೃದಯದ ಕೋಶಗಳು ಪರಸ್ಪರ ಹೋಲುವ ಕಾರಣ ಅವನ್ನು 42 ಸ್ವತಂತ್ರ ಅಳತೆಗಳೆಂದು ಎಣಿಸಲಾಗದು. ಮರುಪ್ರತಿಯಲ್ಲಿ ಹೃದಯಗಳ ಸಂಖ್ಯೆಯನ್ನು, ಎರಡಾದರೆ ಎರಡೆಂದೇ, ಬರೆದು ಕಳುಹಿಸಿ.

ಇಂತಿ,
ಸಂಪಾದಕ