ಕಿನಿಸಿಯಾಲಜಿ ಓದಿದರೆ ಅಮೆರಿಕದಲ್ಲಿ ಫಿಸಿಯೋ ಆಗಬಹುದೇ? – ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದ 23ರ ಯುವತಿ, ಕಾಲೇಜಿನಲ್ಲಿ ಟ್ರಿಪಲ್ ಜಂಪ್ ಪಟು. ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಎಂಎಸ್ ಸೀಟು ಸಿಕ್ಕಿತ್ತು. ಒಂದು ಕಿನಿಸಿಯಾಲಜಿ (ದೇಹದ ಚಲನೆಯ ವಿಜ್ಞಾನ), ಇನ್ನೊಂದು ಎಕ್ಸರ್‌ಸೈಸ್ ಫಿಸಿಯಾಲಜಿ (ವ್ಯಾಯಾಮಕ್ಕೆ ದೇಹ ಸ್ಪಂದಿಸುವ ಬಗೆಯ ಅಧ್ಯಯನ). ಅಡಿಕೆ ತೋಟ ಅಡವಿಟ್ಟು ಸಾಲ ತೆಗೆಯಲು ತಂದೆ ಸಿದ್ಧರಿದ್ದರು. ಅವರದ್ದು ಒಂದೇ ಪ್ರಶ್ನೆ: "ಇದನ್ನ ಓದಿ ಬಂದ್ರೆ ನಮ್ಮ ಹುಡುಗಿ ಏನಾಗ್ತಾಳೆ ಸಾರ್? ಡಾಕ್ಟ್ರಾ, ಪಿಟಿ ಮೇಷ್ಟ್ರಾ?"

ಎರಡೂ ಅಲ್ಲ. ಅಮೆರಿಕದಲ್ಲಿ ಫಿಸಿಯೋ ಆಗಲು ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಪದವಿಯ ಮಟ್ಟದ ಓದು ಮತ್ತು ಆಯಾ ರಾಜ್ಯದ ಲೈಸೆನ್ಸ್ ಬೇಕು. ಕ್ರೀಡಾಪಟುಗಳ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಆಗಲು ಬೇರೆಯೇ ಮಾನ್ಯತೆಯ ಸ್ನಾತಕೋತ್ತರ ಪದವಿ, ಬೇರೆಯೇ ಪರೀಕ್ಷೆ. ನಮ್ಮಲ್ಲಿ ಪ್ರೌಢಶಾಲೆಯ ದೈಹಿಕ ಶಿಕ್ಷಕರಾಗಲು ಬಿ.ಪಿ.ಎಡ್. ಬೇಕು. ಕಿನಿಸಿಯಾಲಜಿ ಎಂಎಸ್ ಈ ಮೂರಕ್ಕೂ ಬಾಗಿಲಲ್ಲ. ಅದು ತೆರೆಯುವುದು ಸ್ಟ್ರೆಂತ್ ಅಂಡ್ ಕಂಡಿಶನಿಂಗ್ ಕೋಚ್ (ಕ್ರೀಡಾಪಟುಗಳ ದೇಹಬಲ ಬೆಳೆಸುವ ತರಬೇತುದಾರ), ಕ್ರೀಡಾ ವಿಜ್ಞಾನಿ, ಸಂಶೋಧನೆಯ ದಾರಿಗಳನ್ನು. ಯುವತಿಗೆ ಬೇಕಿದ್ದುದೂ ಕೋಚ್ ಕೆಲಸವೇ. ಆದರೆ ಹೇಗೂ ಫಿಸಿಯೋ ಲೈಸೆನ್ಸ್ ಸಿಗುತ್ತದೆ ಎಂಬ ನಂಬಿಕೆ ಮನೆಯವರಲ್ಲಿ ಗಟ್ಟಿಯಾಗಿತ್ತು. ಸಾಲದ ಲೆಕ್ಕ ನಿಂತಿದ್ದು ಅದರ ಮೇಲೆಯೇ. ಹಾಗಾಗಿ ಮೊದಲ ಭೇಟಿ ಪೂರ್ತಿ ಇದಕ್ಕೇ ಹೋಯಿತು.

ಎರಡನೆಯ ಭೇಟಿಯಲ್ಲಿ ಐ-20 ಪತ್ರದ, ಅಂದರೆ ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಪತ್ರದ ವಿಷಯ ಬಂತು. ಅದರಲ್ಲಿ ಕೋರ್ಸಿನ ಹೆಸರಿನ ಜೊತೆ ಅದು ಯಾವ ವಿಷಯಕ್ಕೆ ಸೇರಿದ್ದೆಂದು ತಿಳಿಸುವ ಸಿಐಪಿ ಸಂಕೇತ ಅಚ್ಚಾಗಿರುತ್ತದೆ. ಕಿನಿಸಿಯಾಲಜಿ ಕೋರ್ಸುಗಳು ಸಾಮಾನ್ಯವಾಗಿ 31.0505ರಲ್ಲಿ ಬರುತ್ತವೆ, ಅದು ಅಮೆರಿಕ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಎಕ್ಸರ್‌ಸೈಸ್ ಫಿಸಿಯಾಲಜಿಯ 26.0908 ಪಟ್ಟಿಯಲ್ಲಿದೆ. ಮೊದಲನೆಯದಕ್ಕೆ ಓದಿನ ನಂತರದ ಓಪಿಟಿ (ಅಲ್ಲೇ ಉಳಿದು ಕೆಲಸ ಮಾಡುವ ಅನುಮತಿ) 12 ತಿಂಗಳು ಮಾತ್ರ, ಎರಡನೆಯದಕ್ಕೆ ಇನ್ನೂ 24 ತಿಂಗಳ ವಿಸ್ತರಣೆಗೆ ಅವಕಾಶ. ಒಂದೇ ಬಗೆಯ ಪಾಠಕ್ಕೆ ಎರಡು ವಿಶ್ವವಿದ್ಯಾಲಯಗಳು ಎರಡು ಸಂಕೇತ ಕೊಟ್ಟಿರಬಹುದು. ಆದ್ದರಿಂದ ಕೋರ್ಸಿನ ಹೆಸರು ನೋಡಿ ಊಹಿಸದೆ, ಯಾವ ಸಂಕೇತ ಬರುತ್ತದೆಂದು ವಿದೇಶಿ ವಿದ್ಯಾರ್ಥಿ ಕಚೇರಿಗೆ ಬರೆದು ಕೇಳಲು ಹೇಳಿದೆವು.

ಆದರೆ ಸಂಕೇತವೊಂದನ್ನೇ ನೋಡಿ ಆರಿಸುವುದೂ ತಪ್ಪು. ವಿಸ್ತರಣೆಗೆ ಸಂಬಳದ ಕೆಲಸವಿರಬೇಕು, ಉದ್ಯೋಗದಾತರು ಕೆಲಸಗಾರರ ಅನುಮತಿ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆಯಾದ ಇ-ವೆರಿಫೈನಲ್ಲಿ ನೋಂದಾಯಿಸಿರಬೇಕು, ಐ-983 ತರಬೇತಿ ಯೋಜನೆಗೆ ಸಹಿ ಹಾಕಬೇಕು. ಸಣ್ಣ ಜಿಮ್‌ನವರು ಇಷ್ಟು ಕಾಗದಪತ್ರಕ್ಕೆ ಒಪ್ಪುವುದು ಕಷ್ಟ. ಮೊದಲ 12 ತಿಂಗಳಲ್ಲೂ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇನ್ನೊಂದು ತೊಡಕೂ ಇದೆ. ಎಕ್ಸರ್‌ಸೈಸ್ ಫಿಸಿಯಾಲಜಿ ವಿಭಾಗದ ಒಲವು ಹೃದ್ರೋಗಿಗಳ ಪುನರ್ವಸತಿಯ ಕಡೆಗಿದ್ದರೆ, ಎರಡು ವರ್ಷ ಟ್ರೆಡ್‌ಮಿಲ್ ಪಕ್ಕದಲ್ಲೇ ಕಳೆದುಹೋಗಿ, ಅಥ್ಲೀಟುಗಳ ಜೊತೆಗಿನ ಒಡನಾಟವೇ ಇರುವುದಿಲ್ಲ.

ಹಾಗಾಗಿ ಎರಡೂ ವಿಭಾಗಗಳಿಗೆ ಕಳಿಸಲು ಪ್ರಶ್ನೆಗಳನ್ನು ಬರೆಸಿದೆವು. ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ (ಓದುತ್ತಲೇ ವಿಶ್ವವಿದ್ಯಾಲಯದಲ್ಲಿ ಮಾಡುವ ಕೆಲಸ) ಕ್ರೀಡಾ ವಿಭಾಗದಲ್ಲೋ, ಪ್ರಯೋಗಾಲಯದಲ್ಲೋ? ಅದರಲ್ಲಿ ಬೋಧನಾ ಶುಲ್ಕದ ಎಷ್ಟು ಭಾಗ ಮನ್ನಾ? ಮೊದಲ ವರ್ಷದವರು ತಂಡಕ್ಕೆ ತಾವೇ ಸೆಷನ್ ನಡೆಸುತ್ತಾರೋ, ಬಾರ್‌ಬೆಲ್ ಪ್ಲೇಟು ಜೋಡಿಸುತ್ತಾರೋ? ಫೋರ್ಸ್ ಪ್ಲೇಟ್ (ಜಿಗಿತದ ಬಲ ಅಳೆಯುವ ಹಲಗೆ), ಜಿಪಿಎಸ್ ದತ್ತಾಂಶ ಎಂಎಸ್ ವಿದ್ಯಾರ್ಥಿಗಳ ಕೈಗೆ ಸಿಗುತ್ತದೆಯೇ? ಕಳೆದ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ. ತರಗತಿ ನಡೆಯುವ ಅವಧಿಯಲ್ಲಿ ಎಫ್-1 ವೀಸಾದ ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಊಟ, ಬಾಡಿಗೆಯನ್ನು ಈ ಮಿತಿಯೊಳಗೇ ಲೆಕ್ಕ ಹಾಕಬೇಕು. ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲದಿದ್ದರೂ ವಿದೇಶಿ ವಿದ್ಯಾರ್ಥಿ ಕಚೇರಿಯನ್ನು ಕೇಳಿಯೇ ಶುರು ಮಾಡಬೇಕು. ಪೂರ್ಣಾವಧಿಯ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ ಅನುಮತಿ) 12 ತಿಂಗಳು ತುಂಬಿದರೆ ಓಪಿಟಿ ಕೈತಪ್ಪುತ್ತದೆ.

ನಿಜವಾದ ಕೊರತೆ ಮೈದಾನದಲ್ಲಿ ಗೊತ್ತಾಯಿತು. ನಮ್ಮ ಸಲಹೆಯಂತೆ ಆಕೆ ಜಿಲ್ಲಾ ಕ್ರೀಡಾಂಗಣದಲ್ಲಿ 12 ಮಕ್ಕಳಿಗೆ ಒಂದು ಸೆಷನ್ ನಡೆಸಿದಳು. ಮೊಣಕಾಲಿನ ಒಂದೊಂದು ಲಿಗಮೆಂಟೂ ಬಲ್ಲವಳು. ಜಿಗಿದು ಇಳಿಯುವುದನ್ನು ಕಲಿಸುವಾಗ ಮಾತ್ರ ಒಂದೇ ಉಸಿರಿಗೆ ಐದು ಸೂಚನೆ ಕೊಟ್ಟಳು. ವಿವರಣೆ ಮುಗಿಯುವಷ್ಟರಲ್ಲಿ ವಾರ್ಮ್‌ಅಪ್ ಆಗಿದ್ದ ಮಕ್ಕಳ ಮೈ ಆರಿಹೋಗಿತ್ತು. ಚಿಕಿತ್ಸೆಯ ಕೋಣೆಯಲ್ಲಿ ಒಬ್ಬರ ಜೊತೆ ಮಾತಾಡಿ ರೂಢಿಯಾದವರಿಗೆ ಇದು ಸಹಜ. ಇದು ತಿದ್ದಿಕೊಳ್ಳಬಹುದಾದ ದೋಷವೇ: ಸೆಟ್ಟಿಗೆ ಒಂದೇ ಸೂಚನೆ, ಮೊದಲು ಮಾಡಿ ತೋರಿಸುವುದು, ಆಮೇಲೆ ಮಾತು.

ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳಿಕೊಳ್ಳುವಂತೆ ಸಲಹೆ ಕೊಟ್ಟೆವು. ಆ ವರ್ಷದಲ್ಲಿ ವಾರಕ್ಕೆ ಮೂರು ದಿನ ಯಾವುದಾದರೂ ತಂಡದ ಜೊತೆ ಕೆಲಸ. ಒಂದು ದಾಖಲೆ ಪುಸ್ತಕ: ದಿನಾಂಕ, ಎಷ್ಟು ಜನ, ಏನು ಕಲಿಸಿದ್ದು, ಮೇಲ್ವಿಚಾರಕರು ಯಾರು. ಹತ್ತು ನಿಮಿಷದ ಕೋಚಿಂಗ್ ವಿಡಿಯೋ. ಅಸಿಸ್ಟೆಂಟ್ ಹುದ್ದೆ ಕೇಳುವಾಗ ಅಂಕಪಟ್ಟಿಗಿಂತ ಇವೇ ಹೆಚ್ಚು ಮಾತಾಡುತ್ತವೆ. ಜೊತೆಗೆ ಸ್ಟ್ರೆಂತ್ ಅಂಡ್ ಕಂಡಿಶನಿಂಗ್ ಕೋಚ್‌ಗಳ ಪ್ರಮಾಣಪತ್ರಕ್ಕಾಗಿ ಸಿಎಸ್‌ಸಿಎಸ್ ಪರೀಕ್ಷೆ. ವಿಜ್ಞಾನ ಭಾಗದಲ್ಲಿ 95 ಪ್ರಶ್ನೆ, ಪ್ರಾಯೋಗಿಕ ಭಾಗದಲ್ಲಿ 125. ಬಿಪಿಟಿಯವರಿಗೆ ಮೊದಲನೆಯದು ಸಲೀಸು, ಎರಡನೆಯದರಲ್ಲಿ ಭಾರ ಎತ್ತುವ ತಂತ್ರ ಮತ್ತು ತರಬೇತಿ ಯೋಜನೆಯ ಪ್ರಶ್ನೆಗಳು ಕಾಡುತ್ತವೆ. 2030ರಿಂದ ಇದಕ್ಕೆ ಮಾನ್ಯತೆ ಪಡೆದ ಕೋರ್ಸಿನ ಪದವಿಯೇ ಬೇಕೆಂದು, ಪರೀಕ್ಷೆ ನಡೆಸುವ ಸಂಸ್ಥೆಯಾದ ಎನ್‌ಎಸ್‌ಸಿಎ ಪ್ರಕಟಿಸಿರುವುದರಿಂದ ತಡ ಮಾಡುವಂತಿಲ್ಲ.

ತಂದೆಗೆ ಹೇಳಿದ್ದು ಸಾಲದ ಮಿತಿಯ ಬಗ್ಗೆ. ಡಾಲರ್ ಸಂಬಳ ನೆಚ್ಚಿಕೊಳ್ಳದೆ, ಬೆಂಗಳೂರಿನ ಅಕಾಡೆಮಿಗಳಲ್ಲೋ ವಿಜಯನಗರದ ಜೆಎಸ್‌ಡಬ್ಲ್ಯು ಇನ್‌ಸ್ಪೈರ್ ಕ್ರೀಡಾ ತರಬೇತಿ ಸಂಸ್ಥೆಯಂಥ ಕಡೆಯೋ ಸಿಗಬಹುದಾದ ಸಂಬಳದಲ್ಲಿ ಕಂತು ಕಟ್ಟಲಾಗುವಷ್ಟೇ ಸಾಲ. ಶುಲ್ಕ ಮನ್ನಾ ಇಲ್ಲದೆ ಆ ಮಿತಿ ದಾಟುವುದಾದರೆ ತೋಟದ ಪತ್ರ ಬ್ಯಾಂಕಿಗೆ ಒಯ್ಯುವುದು ಬೇಡ ಎಂದೆವು. ಅವರು ಒಪ್ಪಿದರು. ಎಕ್ಸರ್‌ಸೈಸ್ ಫಿಸಿಯಾಲಜಿ ವಿಭಾಗ ಮುಂದೂಡಿಕೆಗೆ ಒಪ್ಪಿದೆ, ಅಸಿಸ್ಟೆಂಟ್ ಹುದ್ದೆಗೆ ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಆಕೆ ಈಗ ಜಿಲ್ಲಾ ಕ್ರೀಡಾಂಗಣದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಓಟಗಾರರ ವಾರ್ಮ್‌ಅಪ್ ನಡೆಸುತ್ತಿದ್ದಾಳೆ.