ಲಕ್ಕವಳ್ಳಿ ಬೋಟ್ ಸಫಾರಿಗೆ ಯಾವಾಗ ಹೋದರೆ ಒಳ್ಳೆಯದು, ಏನು ತಯಾರಿ ಬೇಕು?

ಪ್ರಶ್ನೆ: ನಾವಿರುವುದು ಚಿಕ್ಕಮಗಳೂರಿನಲ್ಲಿ. ಕಾರವಾರದಲ್ಲಿ ಡಾಲ್ಫಿನ್ ನೋಡೋಣವೆಂದರೆ ಅಮ್ಮನಿಗೆ ಸಮುದ್ರದ ದೋಣಿ ಆಗಿಬರುವುದಿಲ್ಲ, ವಾಂತಿ. ಬದಲಿಗೆ ಲಕ್ಕವಳ್ಳಿಯ ಬೋಟ್ ಸಫಾರಿ ಹೇಗೆ? ಯಾವ ತಿಂಗಳು ಸರಿ?

ಉತ್ತರ:

ಲಕ್ಕವಳ್ಳಿಯ ಬೋಟ್ ಓಡುವುದು ಭದ್ರಾ ಡ್ಯಾಂ ಹಿನ್ನೀರಿನಲ್ಲಿ, ಹಾಗಾಗಿ ತಿಂಗಳು ನೋಡುವ ಮೊದಲು ಡ್ಯಾಂ ಮಟ್ಟ ನೋಡಿ. ಪೇಪರಿನಲ್ಲಿ ದಿನಾ ಬರುವ ಜಲಾಶಯಗಳ ಪಟ್ಟಿಯಲ್ಲಿ ಭದ್ರಾ ಹೆಸರಿನ ಮುಂದೆ ಗರಿಷ್ಠ ಮಟ್ಟ 186 ಅಡಿ ಎಂದಿರುತ್ತದೆ. ಆ ದಿನದ ಮಟ್ಟ ಅದಕ್ಕೆ ಹತ್ತಿರವಿದ್ದರೆ ಹಿನ್ನೀರು ಮರಗಳ ಬುಡದವರೆಗೂ ಬಂದಿದೆ, ದಡವೆಂಬುದೇ ಇಲ್ಲ ಎಂದು ತಿಳಿಯಿರಿ. ಆಗ ನೀರಿಗೆ ಬರುವ ಆನೆ ಕಾಡಿನೊಳಗೇ ನಿಂತು ಕುಡಿದು ಹೋಗುತ್ತದೆ, ಬೋಟಿನಲ್ಲಿ ಕೂತವರಿಗೆ ಸೊಪ್ಪು ಅಲ್ಲಾಡಿದ್ದಷ್ಟೇ ಕಾಣುತ್ತದೆ. ದಾವಣಗೆರೆ ಕಡೆಯ ಬೇಸಿಗೆ ಭತ್ತಕ್ಕೆ ನಾಲೆಯಲ್ಲಿ ನೀರು ಬಿಟ್ಟಷ್ಟೂ ಇಲ್ಲಿ ದಡ ಅಗಲವಾಗುತ್ತಾ ಹೋಗುತ್ತದೆ. ಒದ್ದೆ ಮಣ್ಣಿನಲ್ಲಿ ಎಳೆ ಹುಲ್ಲು ಏಳುತ್ತದೆ. ಕಾಡಿನೊಳಗಿನ ಹಳ್ಳಗಳು ಬತ್ತುವುದೂ ಅದೇ ಹೊತ್ತಿಗೆ. ಆನೆ, ಕಾಟಿ, ಜಿಂಕೆಗಳು ಬಯಲಿಗೆ ಬಂದು ನಿಲ್ಲುವುದು ಹಾಗಾಗಿ.

ಸಾಮಾನ್ಯ ವರ್ಷದಲ್ಲಿ ಇದು ಫೆಬ್ರವರಿ ಕೊನೆಯಿಂದ ಮೇವರೆಗೆ. ಹಿಂದಿನ ಮಳೆಗಾಲ ಕೈಕೊಟ್ಟಿದ್ದರೆ ಇನ್ನೂ ಬೇಗ. ದಸರಾ ರಜೆಯಲ್ಲಿ ಹೋಗಿ "ಏನೂ ಕಾಣಲಿಲ್ಲ" ಎಂದು ಬೈದುಕೊಂಡು ಬರುವವರು ಡ್ಯಾಂ ತುಂಬಿದಾಗ ಹೋದವರು. ಅವರಿಗೆ ನೋಟ ಸಿಗುತ್ತದೆ, ಪ್ರಾಣಿ ಸಿಗುವುದಿಲ್ಲ.

ಆದರೆ ನನ್ನ ಲೆಕ್ಕದಲ್ಲಿ ಅಲ್ಲಿಗೆ ಹೋಗಲೇಬೇಕಾದ್ದು ಆನೆಗಲ್ಲ, ರೀವ (ಇಂಗ್ಲಿಷಿನಲ್ಲಿ ಟರ್ನ್) ಹಕ್ಕಿಗೆ. ಮುಳುಗಿದ ಗುಡ್ಡಗಳ ನೆತ್ತಿ ನೀರು ಇಳಿದಂತೆ ನಡುಗಡ್ಡೆಯಾಗಿ ಮೇಲೆ ಬರುತ್ತದೆ. ಬರೀ ಕಲ್ಲು, ಮಣ್ಣು. ನರಿ, ಕಾಡುಬೆಕ್ಕು ಸುಲಭವಾಗಿ ದಾಟಿ ಬರಲಾಗದ ಜಾಗ. ನದಿ ರೀವಗಳು ಅಲ್ಲಿ ಗುಂಪುಗುಂಪಾಗಿ ಗೂಡು ಮಾಡುತ್ತವೆ. ಗೂಡು ಎಂದರೆ ನೆಲದಲ್ಲಿ ಕೆದಕಿದ ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಚುಕ್ಕೆ ಮೊಟ್ಟೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದು. ಹಳದಿ ಕೊಕ್ಕು, ಕರಿ ಟೊಪ್ಪಿ, ಕತ್ತರಿಯಂತೆ ಸೀಳಿದ ಬಾಲ, ಕೆಂಪು ಕಾಲು: ಒಮ್ಮೆ ನೋಡಿದರೆ ಮರೆಯುವುದಿಲ್ಲ. ಮಾರ್ಚಿನಲ್ಲಿ ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಡುವುದನ್ನೂ ನೋಡಬಹುದು.

ಇಲ್ಲೇ ಪ್ರವಾಸಿಗರು ತಪ್ಪು ಮಾಡುವುದು. "ಇನ್ನೂ ಹತ್ತಿರ ಬಿಡಿ" ಎಂದು ಬೋಟಿನವರನ್ನು ಒತ್ತಾಯಿಸುತ್ತಾರೆ. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ತಲೆಯ ಮೇಲೆ ಕೂಗುತ್ತಾ ಸುತ್ತಿದರೆ ಅದು ಸ್ವಾಗತವಲ್ಲ, ನೀವು ಮಿತಿ ಮೀರಿದ್ದೀರಿ ಎಂದರ್ಥ. ಏಪ್ರಿಲ್ ಬಿಸಿಲಿನಲ್ಲಿ ತಾಯಿ ಎದ್ದ ಸ್ವಲ್ಪ ಹೊತ್ತಿಗೇ ಮೊಟ್ಟೆ ಕಾದುಹೋಗುತ್ತದೆ, ಕಾಗೆ ಹದ್ದುಗಳೂ ಕಾಯುತ್ತಿರುತ್ತವೆ. ನಡುಗಡ್ಡೆ ಮೇಲೆ ಇಳಿಯುವ ಮಾತು ಬೇಡವೇ ಬೇಡ.

ಉಳಿದಂತೆ ನೀರುಕಾಗೆ, ಹಾವಕ್ಕಿ, ಮಿಂಚುಳ್ಳಿ ಒಣಗಿದ ಮರದ ಬೊಡ್ಡೆಗಳ ಮೇಲೆ ವರ್ಷವಿಡೀ ಇರುತ್ತವೆ. ಚಳಿಗಾಲದ ಬೆಳಿಗ್ಗೆ ಮೊಸಳೆ ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ. ನೀರುನಾಯಿ ಕಂಡರೆ ಅದೃಷ್ಟ. 1998ರಿಂದ ಹುಲಿ ಯೋಜನೆಗೆ ಸೇರಿದ ಕಾಡು ನಿಜ, ಆದರೆ ಬೋಟಿನಿಂದ ಹುಲಿ ನೋಡುವ ಆಸೆ ಮನೆಯಲ್ಲೇ ಬಿಟ್ಟು ಬನ್ನಿ.

ಬುಕ್ ಮಾಡುವಾಗ ಒಂದು ಎಚ್ಚರ. ಭದ್ರಾ ಅಭಯಾರಣ್ಯಕ್ಕೆ ಮುತ್ತೋಡಿ ಕಡೆಯಿಂದಲೂ ಪ್ರವೇಶವಿದೆ, ಚಿಕ್ಕಮಗಳೂರಿಗೆ ಅದೇ ಹತ್ತಿರ. ಆದರೆ ಅಲ್ಲಿರುವುದು ಜೀಪ್ ಸಫಾರಿ. ಬೋಟು ಬೇಕಾದರೆ ಲಕ್ಕವಳ್ಳಿಗೇ ಹೋಗಬೇಕು, ಅಲ್ಲಿ ಸರ್ಕಾರಿ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಇದೆ. ತರೀಕೆರೆ ಮೇಲೆ ಹೋದರೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಹಾಸನದಿಂದ ಯಾರಾದರೂ ಸೇರಿಕೊಳ್ಳುವುದಿದ್ದರೆ ಅರಸೀಕೆರೆ, ಕಡೂರು, ಬೀರೂರು ಮೇಲೆ ನೇರ ತರೀಕೆರೆಗೆ ಬರಲಿ. ಪೆಟ್ರೋಲು, ಮಾತ್ರೆ, ಎಟಿಎಂ ಎಲ್ಲ ತರೀಕೆರೆಯಲ್ಲೇ ಮುಗಿಸಿಕೊಳ್ಳಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಸಫಾರಿ ಇರುತ್ತದೆ. ಬೋಟ್ ಯಾವ ಹೊತ್ತಿಗೆ, ಜೀಪ್ ಯಾವ ಹೊತ್ತಿಗೆ ಎಂದು ಮೊದಲೇ ಕೇಳಿ. ಬೇಸಿಗೆಯಲ್ಲಿ ಆಯ್ಕೆ ಸಿಕ್ಕರೆ ನಾನು ಸಂಜೆಯ ಬೋಟ್ ತೆಗೆದುಕೊಳ್ಳುತ್ತೇನೆ: ಆನೆ ನೀರಿಗಿಳಿಯುವ ಹೊತ್ತು, ಮೇಲಾಗಿ ಇಳಿಬಿಸಿಲು ಪೂರ್ವದ ದಡದ ಮೇಲೆ ನೇರ ಬೀಳುತ್ತದೆ.

ಇನ್ನು ಅಮ್ಮನ ವಿಷಯ. ಸಮುದ್ರದಲ್ಲಿ ಹೊಟ್ಟೆ ತೊಳಸುವುದು ದೂರದಿಂದ ಬರುವ ಉದ್ದ ಅಲೆಗಳ ನಿಧಾನದ ಏರಿಳಿತಕ್ಕೆ. ಹಿನ್ನೀರಿನಲ್ಲಿ ಅದಿಲ್ಲ. ಇರುವುದು ಗಾಳಿ ಎದ್ದಾಗಿನ ಚಿಕ್ಕ ಅಲೆ, ಬೋಟ್ ನಿಂತಾಗ ಪಕ್ಕಕ್ಕೆ ಓಲಾಡುವುದು. ಅವರನ್ನು ಬೋಟಿನ ನಡುವೆ ಕೂರಿಸಿ. ಮೂತಿಯಲ್ಲಿ ಎತ್ತಿಹಾಕುವುದು ಹೆಚ್ಚು, ತೀರಾ ಹಿಂದೆ ಎಂಜಿನ್ ಹೊಗೆ ಮುಖಕ್ಕೆ ಬರುತ್ತದೆ. ದೂರದ ಗುಡ್ಡದ ಸಾಲು ನೋಡುತ್ತಿರಲಿ, ಮೊಬೈಲ್ ಬೇಡ. ಬೈನಾಕ್ಯುಲರನ್ನೂ ಒಂದೊಂದು ನಿಮಿಷಕ್ಕಿಂತ ಹೆಚ್ಚು ಕಣ್ಣಿಗೆ ಹಿಡಿಯದಿರಲಿ, ವಾಂತಿಗೆ ಅದೇ ದಾರಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ ಹೊರಡುವ ಅರ್ಧ ಗಂಟೆ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ.

ಲೈಫ್ ಜಾಕೆಟ್ಟಿನ ಬಕಲ್ ಹಾಕಿದರಷ್ಟೇ ಸಾಲದು, ಪಟ್ಟಿ ಎಳೆದು ಬಿಗಿ ಮಾಡಿ. ಭುಜದ ಹತ್ತಿರ ಹಿಡಿದು ಎತ್ತಿದರೆ ಗದ್ದದವರೆಗೆ ಬಂದರೆ ಸಡಿಲ ಎಂದರ್ಥ. ಕ್ಯಾಮೆರಾ ಇದ್ದರೆ ಟ್ರೈಪಾಡ್ ಹೊರಬೇಡಿ. ಲೆನ್ಸನ್ನು ಬೋಟಿನ ಕಂಬಿಗೆ ಆನಿಸಿದರೆ ಎಂಜಿನ್ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಮೊಣಕೈ ಎದೆಗೊತ್ತಿ ಕೈಯಲ್ಲೇ ಹಿಡಿಯಿರಿ. ಹಾರುವ ರೀವಕ್ಕೆ ಶಟರ್ ವೇಗ 1/2000 ಆದರೂ ಬೇಕು. ಬೈನಾಕ್ಯುಲರ್ 8x42 ಸಾಕು, 10 ಪಟ್ಟಿನದು ಬೋಟಿನಲ್ಲಿ ಕುಣಿಯುತ್ತದೆ. ಆನೆ ಕಂಡ ಕೂಡಲೇ ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲುತ್ತಾರೆ, ಬೋಟ್ ವಾಲುತ್ತದೆ. ಕೂತೇ ನೋಡಿ. ಆನೆ ಈಜುತ್ತಿದ್ದರೆ ಅದಕ್ಕೂ ದಡಕ್ಕೂ ನಡುವೆ ಬೋಟ್ ನುಗ್ಗಿಸಲು ಹೇಳಬೇಡಿ.

ಏಪ್ರಿಲ್, ಮೇ ಸಂಜೆಗಳಲ್ಲಿ ಒಂದು ಅಪಾಯವಿದೆ: ಮೂರು ಗಂಟೆಗೆ ಸುಡು ಬಿಸಿಲು, ಐದಕ್ಕೆ ಗುಡುಗು ಮಳೆ. ಬಯಲು ನೀರಿನ ಮೇಲೆ ಸಿಡಿಲಿಗೆ ಬೋಟೇ ಎತ್ತರದ ವಸ್ತು, ಆದ್ದರಿಂದ ಸಿಬ್ಬಂದಿ ಬಿಡುವುದಿಲ್ಲ ಎಂದರೆ ವಾದ ಮಾಡಬೇಡಿ. ಮರುದಿನ ಬೆಳಿಗ್ಗೆಗೆ ಬದಲಿಸಿ ಕೊಡಲು ಕೇಳಿ. ಅದಕ್ಕಾಗಿಯೇ ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕ ಹಾಕದೆ ಒಂದು ರಾತ್ರಿ ಅಲ್ಲೇ ಉಳಿಯುವಂತೆ ಬುಕ್ ಮಾಡಿ.